ಗೋಡೆ ನಂದು, ಬಿಲ್ಲು ಅವರದು

ಸೋಲಾಪುರ ರಸ್ತೆಯ ನಮ್ಮ ಸೈಟಿನಲ್ಲಿ ಕಾಂಪ್ಲೆಕ್ಸ್ ಕೆಲಸ ಶುರುವಾಗಿದೆ. ಕೆಳಗೆ ಆರು ಮಳಿಗೆ, ಮೇಲೊಂದು ಹಾಲ್. ಪಡುವಣ ದಿಕ್ಕಿಗೆ ಪೂರ್ತಿ ಗಾಜು ಇರುವ ನಕ್ಷೆಯನ್ನು ಎಂಜಿನಿಯರ್ ತಂದರು. ಚೆಂದವೇನೋ ಇತ್ತು. ಆದರೆ ವಿಜಯಪುರದ ಏಪ್ರಿಲ್‌ನಲ್ಲಿ?

ನನ್ನ ಈಗಿನ ಅಂಗಡಿಯ ಪಡುವಣ ಗೋಡೆ ಒಂದೇ ಇಟ್ಟಿಗೆಯದು. ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ ಕೈ ಇಟ್ಟರೂ ಈಗಷ್ಟೇ ರೊಟ್ಟಿ ಇಳಿಸಿದ ಹಂಚಿನ ಹಾಗೆ ಕಾದಿರುತ್ತದೆ. ಎಸಿ ಗೊರಗೊರ ಅನ್ನುತ್ತಲೇ ಇರುತ್ತದೆ. ಅಜ್ಜನ ಮಣ್ಣಿನ ಮಾಳಿಗೆ ಮನೆಯಲ್ಲಿ ಮಧ್ಯಾಹ್ನ ಸುಮ್ನೆ ನೆಲದ ಮೇಲೆ ಮಲಗಿದರೆ ನಿದ್ದೆ ಹತ್ತುತ್ತಿತ್ತು.

ಹಾಗಾಗಿ ಗಾಜು ಬೇಡ ಅಂದೆ. ಪಡುವಣಕ್ಕೆ ನಡುವೆ ಸಂದು ಬಿಟ್ಟು ಎರಡು ಗೋಡೆ, ಕಿಟಕಿಗೆ ಅಗಲವಾದ ಸಜ್ಜಾ, ಚಾವಣಿಗೆ ಬಿಳಿ ಟೈಲ್ಸ್ ಚೂರು. ಖರ್ಚು ನಾಲ್ಕು ಲಕ್ಷ ಜಾಸ್ತಿ.

ಸರ್ಕಾರದಿಂದ ಏನಾದರೂ ಬರುತ್ತಾ ಅಂತ ಆಡಿಟರ್ ಹತ್ತಿರ ಹೋದೆ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದಾಗ 78,000 ರೂಪಾಯಿ ಸಬ್ಸಿಡಿ ಬಂದಿತ್ತಲ್ವಾ, ಆ ರುಚಿ. "ಅದು ಮನಿಗಷ್ಟ ರೀ," ಅಂದರು. ವ್ಯಾಪಾರಕ್ಕೆ ಸೋಲಾರ್ ಹಾಕಿದರೆ ಆದಾಯ ತೆರಿಗೆ ಲೆಕ್ಕದಲ್ಲಿ ವರ್ಷಕ್ಕೆ ಶೇ. 40 ಸವಕಳಿ, ಅಂದರೆ ಹಳತಾಗುವ ವಸ್ತುವಿನ ಬೆಲೆ ಇಳಿಕೆ, ಖರ್ಚಾಗಿ ತೋರಿಸಬಹುದಂತೆ. ಕಟ್ಟಡಕ್ಕೆ ಶೇ. 10. ನನ್ನ ಜೋಡಿ ಗೋಡೆ ಕಟ್ಟಡದ ಲೆಕ್ಕದಲ್ಲೇ ಕರಗಿ ಹೋಗುತ್ತದೆ. ಅದೂ ಅಂಗಡಿ ನಾನೇ ನಡೆಸಿದರೆ ಮಾತ್ರ. ಬಾಡಿಗೆಗೆ ಕೊಟ್ಟರೆ ಸವಕಳಿಯೇ ಇಲ್ಲ, ರಿಪೇರಿ ಗಿಪೇರಿ ಲೆಕ್ಕಕ್ಕೆ ಬಾಡಿಗೆ ಆದಾಯದಲ್ಲಿ ಎಲ್ಲರಿಗೂ ಒಂದೇ ಶೇ. 30 ಕಡಿತ. ಗಾಜು ಹಾಕಿ ಬಾಡಿಗೆಯವರನ್ನು ಹುರಿಯುವವನಿಗೂ 30, ನನಗೂ 30!

ಇಂಧನ ಉಳಿತಾಯದ ಕಟ್ಟಡ ಸಂಹಿತೆ ಅಂತ ಒಂದಿದೆ, 2007ರಿಂದ. ಅದು 100 ಕಿಲೋವ್ಯಾಟ್ ಇಲ್ಲವೇ ಅದಕ್ಕಿಂತ ಹೆಚ್ಚು ಕರೆಂಟ್ ಲೋಡ್ ಇರುವ ದೊಡ್ಡ ಕಟ್ಟಡಗಳಿಗೆ. ನಮ್ಮದು 60 ದಾಟಲ್ಲ.

ಸೋಲಾಪುರದಲ್ಲಿರುವ ಸೋದರಮಾವನ ಮಗ ಫೋನಿನಲ್ಲಿ ನಕ್ಕ. ಮಹಾರಾಷ್ಟ್ರದ 2020ರ ನಿಯಮದಲ್ಲಿ ಹಸಿರು ಕಟ್ಟಡದ ರೇಟಿಂಗ್ ಪಡೆದರೆ ಶೇ. 3, 5 ಇಲ್ಲವೇ 7 ಹೆಚ್ಚು ಎಫ್‌ಎಸ್‌ಐ, ಅಂದರೆ ಸೈಟಿನ ಅಳತೆಗೆ ತಕ್ಕಂತೆ ಕಟ್ಟಲು ಬಿಡುವ ಚದರಡಿ, ಕೊಡುತ್ತಾರೆ. 10,000 ಚದರಡಿಗೆ ಶೇ. 7 ಅಂದರೆ 700 ಚದರಡಿ, ಎರಡು ಮಳಿಗೆ ಬಂತು. ರೇಟಿಂಗ್‌ಗೆ ಫೀಸು, ಓಡಾಟ ಇದೆ, ನಿಜ. ಆದರೂ ಕಟ್ಟುವವನಿಗೆ ಅರ್ಥವಾಗುವ ಭಾಷೆ ಚದರಡಿಯೇ.

ಗೌಂಡಿ ಮಲ್ಲಪ್ಪ ಇದನ್ನೆಲ್ಲ ಕೇಳಿ ಬೀಡಿ ಆರಿಸಿದ. "ಸಾವ್ಕಾರ್ರ, ಗ್ವಾಡಿ ನೀವು ಕಟ್ಟತೀರಿ, ಬಿಲ್ಲು ಬಾಡಿಗ್ಯಾಂವ ಕಟ್ಟತಾನ. ಉಳಿಯೂದು ಅವಂಗ. ನಿಮಗೇನ್ ಬರತೈತಿ?"

ಅದೇ ಪ್ರಶ್ನೆ ಹೊತ್ತು, ಮಳಿಗೆ ಕೇಳಿದ್ದ ಮೆಡಿಕಲ್ ಅಂಗಡಿಯವರ ಹತ್ತಿರ ಹೋದೆ. ಚದರಡಿಗೆ ಎರಡು ರೂಪಾಯಿ ಹೆಚ್ಚು ಕೊಡಿ, ಕರೆಂಟಿನಲ್ಲಿ ಅದಕ್ಕಿಂತ ಜಾಸ್ತಿ ಉಳಿಯುತ್ತೆ ಅಂದೆ. ಅವರು ಗಲ್ಲಾದಿಂದ ಈ ವರ್ಷದ ಏಪ್ರಿಲ್, ಮೇ ತಿಂಗಳ ಹೆಸ್ಕಾಂ ಬಿಲ್ಲು ತೆಗೆದು ಮುಂದಿಟ್ಟರು. "ಮೊದಲ ಬ್ಯಾಸಗಿ ಹಳೇ ಬಾಡಿಗಿ ರೇಟು. ಬಿಲ್ಲು ಇದಕ್ಕಿಂತ ಇಳೀತಂದ್ರ ಮುಂದ ಎರಡಲ್ಲ, ಮೂರು ಕೊಡತೀನಿ."

ಎರಡೂ ಬಿಲ್ಲಿನ ಫೋಟೋ ತೆಗೆದುಕೊಂಡೆ. ನಾಳೆ ಪಡುವಣ ಗೋಡೆಗೆ ಇಟ್ಟಿಗೆ ಬರುತ್ತದೆ.