ನೇವಿಯಲ್ಲಿದ್ದ ಅಜ್ಜನ ದಾಖಲೆ ಎಲ್ಲಿ ಸಿಗುತ್ತೆ?

"ನಮ್ಮಜ್ಜನೂ ಯುದ್ಧಕ್ಕೆ ಹೋಗಿದ್ದರಂತೆ. ಹಡಗಿನಲ್ಲಿದ್ದರಂತೆ. ಅವರ ದಾಖಲೆ ಎಲ್ಲಿ ಸಿಗುತ್ತೆ?"

ದಾವಣಗೆರೆಯಲ್ಲಿ ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಯಾರಾದರೊಬ್ಬರು ನನಗೆ ಇದನ್ನು ಕೇಳುತ್ತಾರೆ. ನನ್ನ ಸಣ್ಣಜ್ಜ, ಅಂದರೆ ಅಜ್ಜನ ತಮ್ಮ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ರಾಯಲ್ ಇಂಡಿಯನ್ ನೇವಿಯಲ್ಲಿದ್ದರು. ಅವರ ದಾಖಲೆಯ ಬೆನ್ನು ಹತ್ತಿ ನಾನು ಎರಡು ವರ್ಷ ಓಡಾಡಿದೆ. ನನ್ನ ಉತ್ತರ ಯಾವಾಗಲೂ ಒಂದೇ. ಮೊದಲು ಮನೆಯಲ್ಲಿ ಹುಡುಕಿ. ಹೆಸರಿಗಿಂತ ಮೊದಲು ಅವರ ಸರ್ವಿಸ್ ನಂಬರ್ ಹುಡುಕಿ.

ನಮ್ಮೂರಲ್ಲಿ ನೋಡಿದ ದೊಡ್ಡ ನೀರು ಅಂದರೆ ಹರಿಹರದ ತುಂಗಭದ್ರೆ. ಅಂಥ ಕಡೆಯಿಂದ ಹುಡುಗರು ನೇವಿಗೆ ಹೋದರೇ ಅಂತ ಆಶ್ಚರ್ಯವಾಗಬಹುದು. ಹೋದರು. 1939ರಲ್ಲಿ ಯುದ್ಧ ಶುರುವಾದಾಗ ಆ ನೇವಿಯಲ್ಲಿ ಎರಡು ಸಾವಿರ ಜನ ಕೂಡ ಇರಲಿಲ್ಲ. 1945ರ ಹೊತ್ತಿಗೆ 25,000 ದಾಟಿತ್ತು. ಅಷ್ಟು ಜನ ಕರಾವಳಿಯಿಂದಲೇ ಬಂದಿರಲು ಸಾಧ್ಯವಿಲ್ಲ, ಅಲ್ವಾ? ಹುಬ್ಬಳ್ಳಿ, ಪೂನಾ ದಾರಿಯಲ್ಲಿ ಬೊಂಬಾಯಿಗೆ ಹೋಗುವ ರೈಲು ನಮ್ಮೂರ ಮೇಲೇ ಹಾದುಹೋಗುತ್ತಿತ್ತು. ಹತ್ತಿದವರು ಹತ್ತಿದರು.

ನಮ್ಮ ಕಡೆ ಎಲ್ಲದಕ್ಕೂ ಒಂದೇ ಮಾತು, "ಮಿಲ್ಟ್ರಿಗೆ ಹೋಗಿದ್ದ." ಇದರಿಂದ ನನಗೆ ಎಂಟು ತಿಂಗಳು ಹಾಳಾಯಿತು. ನಾನು ಮೊದಲು ಬರೆದದ್ದು ಭೂಸೇನೆಯ ಒಂದು ಕಚೇರಿಗೆ. ಅಲ್ಲಿಂದ ಉತ್ತರವೇ ಬರಲಿಲ್ಲ. ಬರೆಯುವ ಮುಂಚೆ ಭೂಸೇನೆಯೋ, ನೇವಿಯೋ, ವ್ಯಾಪಾರದ ಹಡಗೋ ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ. ಮೂರಕ್ಕೂ ದಾಖಲೆ ಬೇರೆ ಬೇರೆ ಕಡೆ ಇರುತ್ತವೆ.

ಗಟ್ಟಿ ಮಾಡಿಕೊಳ್ಳೋದು ಹೇಗೆ? ನಮಗೆ ದಾರಿ ತೋರಿಸಿದ್ದು ಬಿಲ್ಲೆಗಳು, ಅಂದರೆ ಯುದ್ಧದ ಪದಕಗಳು. ಹರಿಹರದ ಅಜ್ಜಿ, ಅಂದರೆ ಸಣ್ಣಜ್ಜನ ತಂಗಿ, ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿ ಮೂರು ಬಿಲ್ಲೆ ಇಟ್ಟುಕೊಂಡಿದ್ದರು. ಎರಡು ದುಂಡನೆಯವು, ಒಂದು ಆರು ಮೂಲೆಯ ನಕ್ಷತ್ರ. ನಕ್ಷತ್ರದ ಮೇಲೆ ಬರ್ಮಾ ಸ್ಟಾರ್ ಅಂತ ಇಂಗ್ಲಿಷಿನಲ್ಲಿತ್ತು. ಬ್ರಿಟಿಷ್ ಸೈನಿಕರಿಗೆ ಈ ಯುದ್ಧದ ಪದಕಗಳನ್ನು ಹೆಸರು ಹಾಕದೆ ಕೊಟ್ಟರು. ನಮ್ಮ ದೇಶದವರಿಗೆ ಕೊಟ್ಟವುಗಳಲ್ಲಿ ನಂಬರ್, ಹುದ್ದೆ, ಹೆಸರು ಒತ್ತಿರುತ್ತಾರೆ. ದುಂಡನೆಯವುಗಳಲ್ಲಿ ಅಂಚಿನ ಸುತ್ತ ನೋಡಿ, ನಕ್ಷತ್ರದಲ್ಲಾದರೆ ಬೆನ್ನಿಗೆ. ಕೊನೆಯಲ್ಲಿ ಆರ್.ಐ.ಎನ್. ಅಂತಿದ್ದರೆ ಅದು ರಾಯಲ್ ಇಂಡಿಯನ್ ನೇವಿ.

ಆದರೆ ಅಜ್ಜಿ ಪ್ರತಿ ದೀಪಾವಳಿಗೂ ಅವನ್ನು ದೇವರ ಸಾಮಾನಿನ ಜೊತೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಎಪ್ಪತ್ತು ವರ್ಷ. ಅಂಚಿನ ಅಕ್ಷರ ಸವೆದು ಹೋಗಿತ್ತು. ಪ್ರೀತಿಯಿಂದ ಮಾಡಿದ ಕೆಲಸ ಅದು, ಏನನ್ನಲಿ? ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದೆ. ತೆಳು ಕಾಗದ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದೆ. ಒಂದು ಅಂಕಿ ಬಿಟ್ಟು ಉಳಿದೆಲ್ಲ ಮೂಡಿತು. ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ತಿಕ್ಕಬೇಡಿ. ಬೆಳ್ಳಿ ಅಂತ ಮಾರಲೂ ಬೇಡಿ. ದುಂಡನೆಯವು ತಾಮ್ರ ಮತ್ತು ನಿಕಲ್ ಬೆರೆಸಿದವು, ಮಾರಿದರೆ ಕೈಗೆ ಏನೂ ಬರುವುದಿಲ್ಲ. ನಂಬರ್ ಮಾತ್ರ ಹೋಗುತ್ತದೆ.

ಹೆಸರನ್ನು ನಂಬಬೇಡಿ ಅಂತ ಯಾಕೆ ಹೇಳುತ್ತೇನೆ? ನಮ್ಮ ಕಡೆಯ ಹೆಸರು ಇಂಗ್ಲಿಷ್ ಗುಮಾಸ್ತರ ಕೈಗೆ ಸಿಕ್ಕು ಏನೇನೋ ಆಗಿವೆ. ಬಸಪ್ಪ ಅಂದುಕೊಳ್ಳಿ. ಒಂದು ಕಡೆ ಬಾಸಪ, ಇನ್ನೊಂದು ಕಡೆ ಬಸ್ಸಪ್ಪ. ನಮಗೆ ಅಡ್ಡಹೆಸರು ಬರೆಯುವ ರೂಢಿ ಕಡಿಮೆ. ಹಾಗಾಗಿ ಅಪ್ಪನ ಹೆಸರೋ ಊರಿನ ಹೆಸರೋ ಅಡ್ಡಹೆಸರಾಗಿ ಕೂತುಬಿಡುತ್ತದೆ. ಊರಿನ ಕಥೆಯೂ ಅಷ್ಟೇ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರು. ಬ್ರಿಟಿಷರ ಕಾಗದದಲ್ಲಿ ಚಿತ್ರದುರ್ಗ ಅಂತ ಹುಡುಕಿದರೆ ಸಿಗುವುದಿಲ್ಲ, ಅಲ್ಲಿ ಅದು "ಚಿತಲ್‌ಡ್ರೂಗ್". ರಾಜ್ಯ ಮೈಸೂರು. ಇದೊಂದು ಗೊತ್ತಿಲ್ಲದೆ ನಾನು ಎಷ್ಟು ರಾತ್ರಿ ಸುಮ್ನೆ ಹುಡುಕಿದ್ದೇನೋ.

ನಂಬರ್ ಸಿಕ್ಕ ಮೇಲೆ ಬರೆಯಬೇಕಾದ್ದು ಮುಂಬೈಗೆ. ನಾವಿಕರ ದಾಖಲೆ ನೋಡಿಕೊಳ್ಳುವುದು ಮಾನ್‌ಖುರ್ದ್‌ನ ಚೀತಾ ಕ್ಯಾಂಪ್‌ನಲ್ಲಿರುವ ಬ್ಯೂರೋ ಆಫ್ ಸೈಲರ್ಸ್. ನಾನು ಅರ್ಜಿ ಜೊತೆ ಸಣ್ಣಜ್ಜನ ಮರಣ ಪತ್ರ, ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ, ಬಿಲ್ಲೆಗಳ ಫೋಟೋ ಇಟ್ಟಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ವಂಶವೃಕ್ಷ ಇಲ್ಲದೆ ನಾನು ಯಾರು ಅಂತ ತೋರಿಸಲು ಆಗುತ್ತಿರಲಿಲ್ಲ. ಪತ್ರಕ್ಕೆ ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದೊಳಗೆ ಏನಾದರೊಂದು ಉತ್ತರ ಕೊಡಬೇಕು.

ತುಂಬ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಯುದ್ಧದ ಕಾಲಕ್ಕಷ್ಟೇ ಸೇರಿ, ಪೆನ್ಷನ್ ಇಲ್ಲದೆ ಮನೆಗೆ ಬಂದವರ ಕಾಗದಗಳು ಪೂರ್ತಿ ಉಳಿದಿರುವುದು ಅಪರೂಪ. ನನಗೆ ಬಂದದ್ದು ನಾಲ್ಕು ಸಾಲು. ಪೂರ್ತಿ ನಂಬರ್, ಹುದ್ದೆ, ಸೇರಿದ ದಿನ, ಬಿಟ್ಟ ದಿನ. ಆ ನಾಲ್ಕು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಲಂಡನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ, ಅಂದರೆ ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಲಾಖೆಯ, ಕಡತಗಳಿವೆ ನಿಜ. ಅಧಿಕಾರಿಗಳ ಬಗ್ಗೆ, ಆಡಳಿತದ ಬಗ್ಗೆ ಬಹಳ ಇದೆ. ನಮ್ಮ ಹಳ್ಳಿ ಹುಡುಗನೊಬ್ಬನನ್ನು ಹುಡುಕಲು ಮೊದಲು ಹೋಗಬೇಕಾದ ಜಾಗ ಅದಲ್ಲ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಎಂಬ ವೆಬ್‌ಸೈಟನ್ನು ಮನೆಯಲ್ಲೇ ಕೂತು ನೋಡಬಹುದು. ಯುದ್ಧದಲ್ಲಿ ತೀರಿಕೊಂಡವರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿಯಲ್ಲಿರುತ್ತದೆ. ಸಮುದ್ರದಲ್ಲೇ ಕಳೆದುಹೋದ ನಮ್ಮವರ ಹೆಸರುಗಳಿಗೆ ಒಂದು ಸ್ಮಾರಕ ಪುಸ್ತಕವೇ ಇದೆ. ಅದರ ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ.

ಇನ್ನೊಂದು ಪ್ರಶ್ನೆಯೂ ಬಂದೇ ಬರುತ್ತದೆ. "ನಿಮ್ಮಜ್ಜ ಬಂಡಾಯದಲ್ಲಿ ಇದ್ದರಾ?" 1946ರ ಫೆಬ್ರವರಿ 18ರಂದು ಬೊಂಬಾಯಿಯ ತಲ್ವಾರ್ ಎಂಬ ಸಿಗ್ನಲ್ ಶಾಲೆಯಲ್ಲಿ ನಾವಿಕರು ಕೆಟ್ಟ ಊಟ, ಅವಮಾನದ ಮಾತುಗಳ ವಿರುದ್ಧ ಎದ್ದು ನಿಂತರು. ಅದು ಹಡಗಿನಿಂದ ಹಡಗಿಗೆ ಹಬ್ಬಿತು. ಸಾವಿರಾರು ಜನ ಸೇರಿದರು, ನೂರಾರು ಜನ ಕೆಲಸ ಕಳೆದುಕೊಂಡರು. ಅವರು ಎದ್ದು ನಿಂತದ್ದು ದೇಶಕ್ಕಾಗಿ ಅಂತಲೇ ನಾನು ನಂಬುತ್ತೇನೆ. ಆಮೇಲೆ ಕೇಂದ್ರ ಸರ್ಕಾರದ ಸ್ವಾತಂತ್ರ್ಯ ಹೋರಾಟಗಾರರ ಪೆನ್ಷನ್‌ಗೆ ಈ ಬಂಡಾಯವನ್ನೂ ಸೇರಿಸಿದರು. ನಿಮ್ಮ ಮನೆಯವರು ಆ ಪೆನ್ಷನ್‌ಗೆ ಅರ್ಜಿ ಹಾಕಿದ್ದರೆ ಆ ಕಡತವನ್ನೂ ಕೇಳಿ, ಹಡಗಿನ ಹೆಸರು ಅಲ್ಲಿರಬಹುದು. ನಮ್ಮ ಸಣ್ಣಜ್ಜ ಅದರಲ್ಲಿದ್ದರು ಅಂತ ತೋರಿಸುವ ಕಾಗದ ನನ್ನ ಹತ್ತಿರ ಇಲ್ಲ. ಹಾಗಾಗಿ ನಾನು ಹೇಳುವುದಿಲ್ಲ. ಮನೆಯಲ್ಲಿ ಕೆಲವರಿಗೆ ಇದು ಬೇಜಾರು. ಆದರೂ ಹೇಳುವುದಿಲ್ಲ.

ಕೊನೆಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ ಕಾಗದ ಸಿಕ್ಕಿದ್ದು ಮತ್ತೆ ಹರಿಹರದಲ್ಲೇ. ಅಜ್ಜಿಯ ಮಗ ಹೊಲದ ಹಳೇ ಕ್ರಯಪತ್ರ ಹುಡುಕುತ್ತ ಟ್ರಂಕು ತೆಗೆದರು. ಪತ್ರಗಳ ನಡುವೆ ನಾಲ್ಕು ಮಡಿಕೆಯ ಒಂದು ಹಳದಿ ಹಾಳೆ. ಸಣ್ಣಜ್ಜನ ಸರ್ವಿಸ್ ಸರ್ಟಿಫಿಕೇಟು. ಹಡಗುಗಳ ಹೆಸರು ಸಾಲಾಗಿ ಇದ್ದವು.

ಅಜ್ಜಿ ಮೊದಲಿಂದಲೂ ಹೇಳುತ್ತಿದ್ದರು, "ನಮ್ಮಣ್ಣ ಹಿಮಾಲಯದಾಗೆ ಇದ್ದ ನೋಡು." ಹಡಗಿನವರಿಗೆ ಬೆಟ್ಟದಲ್ಲಿ ಏನು ಕೆಲಸ ಅಂತ ನಾವ್ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಳೆಯಲ್ಲಿ ಹಿಮಾಲಯ ಇತ್ತು! ಅದು ಕರಾಚಿಯಲ್ಲಿದ್ದ ಫಿರಂಗಿ ಶಾಲೆ. ನೇವಿಯವರು ದಡದ ಮೇಲಿನ ಶಾಲೆಗಳಿಗೂ ಹಡಗಿನ ಹಾಗೇ ಹೆಸರಿಡುತ್ತಿದ್ದರು. ಬಹದ್ದೂರ್, ಅಕ್ಬರ್, ತಲ್ವಾರ್ ಎಲ್ಲವೂ ಹೀಗೆ. ನಿಜವಾದ ಹಡಗುಗಳಲ್ಲಿ ಹಲವಕ್ಕೆ ನದಿಗಳ ಹೆಸರು. ನಿಮ್ಮಜ್ಜಿ "ಕಾವೇರಿಯಲ್ಲಿದ್ದರು" ಅಂದರೆ ಮಂಡ್ಯದ ಕಡೆ ಹುಡುಕಬೇಡಿ, ಅದು ಯುದ್ಧದ ಹಡಗು. ಸಣ್ಣಜ್ಜ ಕರಾಚಿಯಿಂದ ಹೋದದ್ದು ನರ್ಬದಾಗೆ. 1945ರ ಜನವರಿಯಲ್ಲಿ ಬರ್ಮಾದ ಅರಾಕಾನ್ ತೀರದಲ್ಲಿ ಗುಂಡು ಹಾರಿಸಿದ ಹಡಗು. ದೇಶ ಭಾಗವಾದಾಗ ಅದು ಪಾಕಿಸ್ತಾನದ ಪಾಲಿಗೆ ಹೋಗಿ ಝೇಲಂ ಆಯಿತು. ಬಿಲ್ಲೆಯ ಬರ್ಮಾ ಸ್ಟಾರ್ ಯಾಕೆ ಬಂತು ಅನ್ನೋದು ಆಗ ಅರ್ಥವಾಯಿತು.

ಹಾಳೆಯ ಕೆಳಗೆ ಗುರುತಿನ ಚಿಹ್ನೆ ಅಂತ ಒಂದು ಸಾಲಿತ್ತು. ಎಡ ಮುಂಗೈ ಮೇಲೆ ಸುಟ್ಟ ಕಲೆ. ನಮ್ಮಲ್ಲಿ ಅವರ ಫೋಟೋ ಒಂದೂ ಇಲ್ಲ. ನಾನು ಆ ಸಾಲನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, "ಆಲೆಮನ್ಯಾಗೆ ಕೊಪ್ಪರಿಗೆ ಹತ್ರ ಹೋಗಿದ್ದೆ ನಾನು. ಸಣ್ಣಾಕಿ. ನನ್ನ ಎಳೆಯಾಕ ಬಂದು ಸುಟ್ಟುಕೊಂಡ."

ಇದು ಅವರ ಮಕ್ಕಳಿಗೂ ಗೊತ್ತಿರಲಿಲ್ಲ. ಸರ್ಟಿಫಿಕೇಟಿನ ಜೆರಾಕ್ಸ್ ಹಿಂದೆ ಅಜ್ಜಿಯ ಮಾತನ್ನು ಹಾಗೇ ಬರೆದಿಟ್ಟಿದ್ದೇನೆ, ಹೇಳಿದ ದಿನಾಂಕದ ಸಮೇತ.