ಗಾಳಿ ಕಟ್ಟಿಹಾಕಿದ ದಿನ

ಅಮೆರಿಕದ ಈಲಿ ಊರಿನ ಅಂಗಡಿಯವರು ಜಿಗಣೆ ಎಣಿಸಿ ಡಬ್ಬಿಗೆ ಹಾಕುತ್ತಿದ್ದಾಗ ನನಗೆ ತೀರ್ಥಹಳ್ಳಿಯ ಮಳೆಗಾಲ ನೆನಪಾಯಿತು. ಅಲ್ಲಿ ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಹಚ್ಚಿ ಕೀಳುತ್ತಿದ್ದೆವು. ಇಲ್ಲಿ ಮೀನಿನ ಗಾಳಕ್ಕೆ ಅಂತ ಡಜನ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತಗೊಂಡೆವು. ವಾಲ್‌ಐ ಮೀನಿಗೆ ಜಿಗಣೆ ಅಂದರೆ ಪ್ರಾಣ ಅಂದರು ಭಾವ.

ನಾವು ದೋಣಿಯಲ್ಲಿ ಹೊರಟ ಮಿನೆಸೋಟಾದ ಬೌಂಡರಿ ವಾಟರ್ಸ್ ಕಾಡಿನಲ್ಲಿ ಸಾವಿರಕ್ಕೂ ಜಾಸ್ತಿ ಸರೋವರಗಳಿವೆ. ಹೆಚ್ಚಿನ ಕಡೆ ಮೋಟಾರ್ ದೋಣಿ ಬಿಡುವುದಿಲ್ಲ. ದಾರಿ ತೋರಿಸುವ ಒಂದು ಬೋರ್ಡೂ ಇಲ್ಲ. ಲೇಕ್ ಒನ್ ಅನ್ನುವ ಮೊದಲ ಸರೋವರದಲ್ಲಿ ದ್ವೀಪ ಯಾವುದು, ದಡ ಯಾವುದು ಅಂತ ಗೊತ್ತಾಗದೆ ಒಂದು ಗಂಟೆ ಸುತ್ತಿದೆವು. ಅಲ್ಲಿಂದ ಲೇಕ್ ಟೂಗೆ ಹೋಗಲು ಎರಡು ಕಡೆ ದೋಣಿ ಹೊತ್ತು ನಡೆಯಬೇಕು. ಇಲ್ಲಿ ಆ ದೂರವನ್ನು ರಾಡ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ರಾಡ್ ಅಂದರೆ ಹದಿನಾರೂವರೆ ಅಡಿ, ಹೆಚ್ಚುಕಡಿಮೆ ಒಂದು ದೋಣಿಯ ಉದ್ದ. ದೋಣಿ ಸುಮಾರು 20 ಕಿಲೋ. ಭುಜದ ಮೇಲೆ ಮಗುಚಿ ಹೊತ್ತರೆ ಕಾಣುವುದು ನಮ್ಮ ಪಾದ ಮಾತ್ರ.

ಲೇಕ್ ಥ್ರೀಯಲ್ಲಿ ಡೇರೆ ಹಾಕಿದೆವು. ಮರುದಿನ ಎದ್ದರೆ ಜೋರು ಗಾಳಿ, ಬಿಳಿ ನೊರೆಯ ಅಲೆ.

"ಹುಟ್ಟು ಕೆಳಗಿಡು ಮಾರಾಯ, ಇವತ್ತು ಎಲ್ಲಿಗೂ ಇಲ್ಲ" ಅಂದರು ಭಾವ.

ಮುಂದಿನ ಸರೋವರ ನೋಡುವ ಆಸೆಯಿಂದ ಬಂದ ನನಗೆ ಅಳುವೇ ಬಂತು. ಸುಮ್ನೆ ದಡದ ಹಿಂದಿನ ಕಾಡಿಗೆ ಹೋದೆ. 2011ರಲ್ಲಿ ಸಿಡಿಲು ಬಡಿದು ಹೊತ್ತಿದ ಪಗಾಮಿ ಕ್ರೀಕ್ ಬೆಂಕಿ ಇಲ್ಲೆಲ್ಲ ಹರಡಿತ್ತು. ಸತ್ತ ಮರಗಳು ಬೂದುಬಣ್ಣದ ಕಂಬಗಳಾಗಿ ಇನ್ನೂ ನಿಂತಿವೆ. ಅವುಗಳ ಕೆಳಗೆ ನನಗಿಂತ ಎತ್ತರದ ಜಾಕ್ ಪೈನ್ ಮರಿಗಳು, ನುಸುಳಲೂ ಜಾಗವಿಲ್ಲದಷ್ಟು ಒತ್ತಾಗಿ. ಈ ಮರದ ಕಾಯಿಯ ಬಾಯಿಗೆ ಅಂಟು ಮೆತ್ತಿರುತ್ತದೆ. ಬೆಂಕಿಯ ಬಿಸಿಗೆ ಅಂಟು ಕರಗಿದರೆ ಕಾಯಿ ಬಿರಿದು ಬೀಜ ಉದುರುತ್ತದೆ. ಒಂದು ಕಾಯಿ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ಗಾಳಿ ಇಲ್ಲದಿದ್ದರೆ ಈ ಕಾಡಿನ ಪಕ್ಕದಲ್ಲೇ ಹಾದುಹೋಗಿಬಿಡುತ್ತಿದ್ದೆ, ಅಲ್ವಾ?

ಸಂಜೆ ಗಾಳಿ ತಗ್ಗಿತು. ವಾಲ್‌ಐಗೆ ಮಬ್ಬು ಬೆಳಕಿನಲ್ಲೂ ಚೆನ್ನಾಗಿ ಕಣ್ಣು ಕಾಣುತ್ತದೆ. ಹಾಗಾಗಿ ಹೆಚ್ಚಾಗಿ ಬೇಟೆಗೆ ಬರುವುದು ಮಬ್ಬು ಹೊತ್ತಿನಲ್ಲಿ. ಜೂನ್ ತಿಂಗಳು, ಒಂಬತ್ತು ಗಂಟೆಗೂ ಆಕಾಶ ಕೆಂಪಗಿತ್ತು. ಸೊಳ್ಳೆ ಮುತ್ತುತ್ತಿದ್ದರೂ ಬಂಡೆಯ ಮೇಲಿಂದ ಗಾಳ ಬಿಟ್ಟು ಕೂತೆವು. ಬೆಂಡು ಅಲುಗಿತು, ಮೆಲ್ಲಗೆ ಒಳಗೆ ಹೋಯಿತು.

"ಭಾವ, ಎಳೀಲಾ?"

"ತಡಿ. ನುಂಗಲಿ... ಈಗ!"

ಎರಡು ಸಿಕ್ಕವು. ಅಕ್ಕ ಕಟ್ಟಿಕೊಟ್ಟ ಮಸಾಲೆ ಹಚ್ಚಿ, ರವೆಯಲ್ಲಿ ಹೊರಳಿಸಿ ಕಾಯಿಸಿದೆವು. ಉಳಿದ ತಿಂಡಿಯ ಚೀಲವನ್ನು ಕರಡಿಗೆ ಸಿಗದಂತೆ ಮರಕ್ಕೆ ಎತ್ತಿ ಕಟ್ಟುವಾಗ ನೀರಿನ ಆಚೆಯಿಂದ ಲೂನ್ ಹಕ್ಕಿ ಕೂಗಿತು. ಉದ್ದಕ್ಕೆ, ಯಾರನ್ನೋ ಕರೆದ ಹಾಗೆ. ಭಾವ ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟರು. ದೂರದಿಂದ ಇನ್ನೊಂದು ಓಗೊಟ್ಟ ಮೇಲೆಯೇ ಗಂಟು ಹಾಕಿದ್ದು.