ಹನುಮಪ್ಪನ ಗೂಡಿನ ಮುಂದಿನ ಹಗ್ಗ

ಶಾಲೆಯ ದಾಖಲೆಯಲ್ಲಿ ಅದಕ್ಕೆ ‘ವ್ಯಾಯಾಮ ಮಂದಿರ’ ಎಂದು ಹೆಸರು. ಊರವರ ಬಾಯಲ್ಲಿ ಗರಡಿ. ಒಳಗೆ ಕಾಲಿಟ್ಟರೆ ಎದುರು ಗೋಡೆಯ ಗೂಡಿನಲ್ಲಿ ಸಿಂಧೂರ ಬಳಿದ ಹನುಮಪ್ಪ, ಎಡಕ್ಕೆ ಎಣ್ಣೆ ಕುಡಿದು ಕಪ್ಪಾದ ಸಾಗವಾನಿ ಕಂಬ, ನಟ್ಟನಡುವೆ ತೊಲೆಯಿಂದ ಇಳಿಬಿದ್ದ ಒಂದು ಹಗ್ಗ. ಕಂಬವನ್ನೋ ಹಗ್ಗವನ್ನೋ ಏರಿ ಅದರ ಮೇಲೆ ಆಸನ, ಪಟ್ಟು ಹಾಕುವ ಆಟವೇ ಮಲ್ಲಕಂಬ. ಗೆದ್ದ ಢಾಲುಗಳ ಪಟ್ಟಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ತೂಗುಹಾಕಿದೆ. ಆ ಹಗ್ಗವನ್ನು ಹೇಗೆ ಬಳಸುತ್ತಿದ್ದರು, ಹೇಗೆ ಕಾಪಾಡುತ್ತಿದ್ದರು ಎಂಬುದು ಮಾತ್ರ ಎಲ್ಲಿಯೂ ಬರೆದಿಟ್ಟಿಲ್ಲ. ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಕೇಳಿದ್ದಾರೆ, ಅದನ್ನೇ ಬರೆಯುತ್ತೇನೆ.

ಕಲಿಸುವವರು ಇಬ್ಬರು. ಊರ ಗರಡಿಯಲ್ಲಿ ಕುಸ್ತಿ ಹಿಡಿದು ಹಣ್ಣಾದ ವಸ್ತಾದರು, ಶಾಲೆಯ ವ್ಯಾಯಾಮದ ಅಕ್ಕೋರು. ವಸ್ತಾದರು ಮುಸಲ್ಮಾನರು. ಶನಿವಾರ ಹನುಮಪ್ಪನ ದೀಪಕ್ಕೆ ಎಣ್ಣೆ ತರುವುದು, ಎಕ್ಕಿ ಎಲೆಯ ಹಾರ ಕಟ್ಟಿಸುವುದು ಅವರದೇ ಪಾಳಿ. ನಮ್ಮ ಕಡೆಯ ಗರಡಿಗಳಲ್ಲಿ ಇದು ಹೇಳಿಕೊಳ್ಳುವಂಥ ಸಂಗತಿಯೇ ಅಲ್ಲ.

ಹಗ್ಗ ಹಿಡಿಯುವ ಮುನ್ನ ಸಲಾಮಿ. ಮೊದಲು ಗೂಡಿಗೆ ಕೈಮುಗಿಯುವುದು, ಆಮೇಲೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು, ಕೊನೆಗೆ ಎರಡೂ ಕೈಯಿಂದ ಹಗ್ಗವನ್ನು ತಲೆಯ ಮೇಲೆ ಹಿಡಿದು ಮೈಭಾರ ಪೂರ್ತಿ ಬಿಟ್ಟು ಒಮ್ಮೆ ಜಗ್ಗಿ ಹಣೆಗೆ ತಾಗಿಸುವುದು. ನೋಡುವವರಿಗೆ ಭಕ್ತಿಯಾಗಿ ಕಾಣುವ ಇದರೊಳಗೆ ಮೂರು ಪರೀಕ್ಷೆಗಳಿವೆ. ನೆಲ ಮುಟ್ಟಿದಾಗ ಗಾದಿ ಹಗ್ಗದ ನೇರಕ್ಕೆ ಇದೆಯೋ ಇಲ್ಲವೋ ಕಾಣುತ್ತದೆ. ಜಗ್ಗಿದಾಗ ಮೇಲಿನ ಕೊಂಡಿ ಕಿರ್ ಎಂದರೆ ಕಿವಿಗೆ ಬೀಳುತ್ತದೆ. ಹಣೆಗೆ ತಾಗಿಸಿದಾಗ ಹಗ್ಗ ಹಸಿಯೋ ಒಣವೋ ಚರ್ಮ ಹೇಳುತ್ತದೆ. ಸಲಾಮಿಯಲ್ಲಿ ಅವಸರ ಮಾಡಿದವರನ್ನು ವಸ್ತಾದರು ಅವತ್ತು ಹಗ್ಗಕ್ಕೆ ಬಿಡುತ್ತಿರಲಿಲ್ಲ. “ಹನುಮಪ್ಪಗ ಕೈ ಮುಗಿದ್ಯೋ, ಬರೇ ಕೈ ಬೀಸಿದ್ಯೋ?” ಎಂದು ಕೇಳಿ ಬಸ್ಕಿಗೆ ಕಳಿಸುತ್ತಿದ್ದರು.

ಹಗ್ಗ ನೂಲಿನದೇ ಆಗಬೇಕು. ಕೊಂಡಿಯಿಂದ ತುದಿಯವರೆಗೆ 18 ಅಡಿ, ಅಂದರೆ ಸುಮಾರು 5.5 ಮೀಟರ್. ದಪ್ಪ 2 ಸೆಂಟಿಮೀಟರಿನ ಒಳಗೆ. ಹೊಲದ ಕೆಲಸಕ್ಕೆ ಬರುವ ಪುಂಡಿನಾರಿನ ಹಗ್ಗ, ಕತ್ತಾಳೆ ಹಗ್ಗ ಎಷ್ಟೇ ಗಟ್ಟಿಯಾಗಿದ್ದರೂ ತೊಡೆಯ ಚರ್ಮ ಸುಲಿಯುತ್ತವೆ. ನೈಲಾನ್ ನುಣುಪು. ಬೆರಳಿಗೆ ಸಿಗುವುದಿಲ್ಲ, ಜಾರಿದರೆ ಕಾದ ತಂತಿಯ ಹಾಗೆ ಸುಡುತ್ತದೆ. ಹಿಂದೆ ಈ ಆಟವನ್ನು ಬೆತ್ತದ ಮೇಲೆ ಆಡುತ್ತಿದ್ದರು. ಉದ್ದನೆಯ ಒಳ್ಳೆ ಬೆತ್ತ ಸಿಗುವುದು ಕಷ್ಟವಾದ ಮೇಲೆ ನೂಲು ಬಂತು.

ಹೊಸ ಹಗ್ಗ ತಂದ ದಿನವೇ ಏರುವಂತಿಲ್ಲ. ಹುರಿ ಹಾಕಿದ ಹಗ್ಗಕ್ಕೆ ಭಾರ ಬಿದ್ದರೆ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಏರಿದವರು ಬುಗುರಿಯಾಗುತ್ತಾರೆ. ಅದಕ್ಕೇ ತುದಿಗೆ ಮರಳಿನ ಚೀಲ ಕಟ್ಟಿ ನಾಲ್ಕೈದು ದಿನ ತೂಗಬಿಡುತ್ತಿದ್ದರು. ಹಗ್ಗ ಸುತ್ತುವಷ್ಟು ಸುತ್ತಿ, ಹಿಗ್ಗುವಷ್ಟು ಹಿಗ್ಗಿ ಸುಮ್ಮನಾಗುತ್ತದೆ. ಆಮೇಲೆ ಉದ್ದ ಅಳೆದು ಕುಣಿಕೆ ಹಾಕುವುದು. ಕುಣಿಕೆಯ ಒಳಮೈಗೆ ಚರ್ಮದ ಪಟ್ಟಿ ಹೊಲಿಯಬೇಕು, ಇಲ್ಲವಾದರೆ ಕಬ್ಬಿಣದ ಕೊಂಡಿ ತಿಕ್ಕಿ ತಿಕ್ಕಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನೂಲು ಸವೆಯುತ್ತದೆ. ಕೆಳತುದಿಗೆ ಗಂಟು ಹಾಕುವುದಿಲ್ಲ, ಬಿಚ್ಚದಂತೆ ದಾರ ಸುತ್ತಿ ಹೊಲಿಯುತ್ತಾರೆ. ಸುತ್ತು ಹಾಕುವಾಗ ಹಗ್ಗದ ಬಾಲ ಕಾಲಸಂದಿಯಲ್ಲಿ ಸರಾಗ ಹಾಯಬೇಕು, ಗಂಟಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅಮಾವಾಸ್ಯೆಗೆ ನಮ್ಮಲ್ಲಿ ಎತ್ತು ಹೂಡುವುದಿಲ್ಲ. ಹಗ್ಗಕ್ಕೂ ಅವತ್ತು ರಜೆ. ರಜೆ ಅಂದರೆ ತಪಾಸಣೆ. ಏಣಿ ಹಾಕಿ ಹಗ್ಗ ಇಳಿಸಿ, ಅಂಗಳದಲ್ಲಿ ಉದ್ದಕ್ಕೆ ಚಾಚಿ, ಮೊಳಮೊಳಕ್ಕೂ ಎರಡು ಕೈಯಲ್ಲಿ ಹುರಿಯನ್ನು ಉಲ್ಟಾ ತಿರುವಿ ಎಳೆಗಳನ್ನು ಬಿಡಿಸಿ ಒಳಗೆ ನೋಡುತ್ತಿದ್ದರು. ಹೊರಗೆ ನವಿರೆದ್ದರೆ ಭಯವಿಲ್ಲ, ಅದು ಕೈಕಾಲು ಆಡಿದ ಗುರುತು. ಒಳಗೆ ಬೂದಿಯಂಥ ನೂಲುಪುಡಿ ಉದುರಿದರೆ ಎಳೆಗಳು ತಮ್ಮತಮ್ಮಲ್ಲೇ ತಿಕ್ಕಾಡಿ ಸತ್ತಿವೆ ಎಂದರ್ಥ. ಅಂಥ ಹಗ್ಗ ಹೊರಗಿನಿಂದ ಎಷ್ಟೇ ಚೆಂದ ಕಂಡರೂ ಮುಗಿಯಿತು. ಮಳೆಗಾಲದಲ್ಲಿ ನೂಲು ನೀರು ಕುಡಿದು ಉಬ್ಬಿ ಕೋಲಿನ ಹಾಗೆ ಬಿರುಸಾಗುತ್ತದೆ, ತೊಡೆಗೆ ಸುತ್ತಿದರೆ ಬಾಗುವುದಿಲ್ಲ. ಆಗ ಗಾಳಿಯಾಡುವ ಪಡಸಾಲೆಯಲ್ಲಿ ಒಣಗಿಸಬೇಕು, ಸುಡುಬಿಸಿಲಿಗೆ ದಿನಗಟ್ಟಲೆ ಹಾಕಿದರೆ ನೂಲು ಬಡಕಲಾಗುತ್ತದೆ.

ಕಂಬದ ಲೆಕ್ಕವೇ ಬೇರೆ. ನೆಲದಿಂದ ಸುಮಾರು 2.6 ಮೀಟರ್ ಎತ್ತರ, ಬುಡದ ಸುತ್ತಳತೆ 55 ಸೆಂಟಿಮೀಟರ್, ಮೇಲೆ ಹೋದಂತೆ 35. ಅದಕ್ಕೆ ಔಡಲೆಣ್ಣೆ ಹಚ್ಚುತ್ತಾರೆ. ಹಗ್ಗಕ್ಕೆ ಎಣ್ಣೆ ಸೋಂಕಲೂ ಕೂಡದು. ಕಂಬ ಆಡಿ ಬಂದ ಹುಡುಗರು ಸೀಗೆಪುಡಿಯಿಂದ ಕೈಕಾಲು, ತೊಡೆ ಉಜ್ಜಿ ತೊಳೆದುಕೊಂಡ ಮೇಲೆಯೇ ಹಗ್ಗ ಮುಟ್ಟಬೇಕೆಂಬ ಕಟ್ಟು. ಒಬ್ಬನ ಅಂಗೈ ಎಣ್ಣೆ ಹಗ್ಗಕ್ಕೆ ಹತ್ತಿದರೆ ಅದನ್ನು ಉಣ್ಣುವವರು ಅವನ ಹಿಂದೆ ಏರುವ ಹತ್ತು ಮಂದಿ.

ಇನ್ನು ಬೆರಳು. ಹಗ್ಗದ ಮಲ್ಲಕಂಬ ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿಯ ಆಟ. “ಕೈ ಏರೂದಿಲ್ಲ ತಮ್ಮಾ, ಬೆರಳು ಏರತದ. ಕೈ ಬರೇ ಕಾಯತದ” ಎನ್ನುತ್ತಿದ್ದರು ವಸ್ತಾದರು. ಮೊದಲ ವಾರ ಯಾರೂ ಏರುವುದಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಹಗ್ಗದ ತುಂಡನ್ನು ಬೆರಳ ಸಂದಿಯಲ್ಲಿ ಹಿಡಿಯುವುದು, ಎದುರಿಗಿದ್ದವರು ಎಳೆಯುವುದು. ಏರುವಾಗ ತಲೆಯ ಮೇಲೆ ಹಗ್ಗ ಹಿಡಿದು, ಮೊಳಕಾಲನ್ನು ಎದೆಗೆ ತಂದು, ಎರಡೂ ಕಾಲಿನ ಬೆರಳ ಸಂದಿಗೆ ಹಗ್ಗ ಸಿಕ್ಕಿಸಿ, ಕುರ್ಚಿಯಿಂದ ಎದ್ದ ಹಾಗೆ ಕಾಲು ನೆಟ್ಟಗೆ ಮಾಡಬೇಕು. ಮೈ ತಾನಾಗಿ ಮೇಲೆ ಹೋದಾಗ ಕೈ ಮುಂದಿನ ಹಿಡಿತಕ್ಕೆ ಸರಿಯುತ್ತದೆ. ತೋಳಿನಲ್ಲಿ ಬಲವಿರುವ ಹುಡುಗರು ತಪ್ಪುವುದು ಇಲ್ಲೇ. ಮೊಳಕೈ ಮಡಿಚಿ ಜಗ್ಗಿ ಏರುತ್ತಾರೆ, 9 ಅಡಿಗೆ ಬರುವ ಹೊತ್ತಿಗೆ ಮುಂಗೈ ಸೆಟೆದು ಅಲ್ಲೇ ಜೋತುಬೀಳುತ್ತಾರೆ. ಸಣಕಲು ಹುಡುಗಿಯರು ಅವರ ಕಣ್ಣೆದುರೇ ತುದಿ ಮುಟ್ಟಿ ಬರುತ್ತಿದ್ದರು.

ಮೊದಲ ಹದಿನೈದು ದಿನ ಬೆರಳ ಸಂದಿಯಲ್ಲಿ ಬೊಬ್ಬೆ ಏಳುತ್ತದೆ. ಒಡೆಯಬಾರದು, ಉಪ್ಪುನೀರಲ್ಲಿ ತೊಳೆದು ಆರಬಿಡಬೇಕು. ಕೊಬ್ಬರಿ ಎಣ್ಣೆ ಹಚ್ಚುವುದಿದ್ದರೆ ರಾತ್ರಿ, ಬೆಳಗ್ಗೆ ಖಂಡಿತ ಬೇಡ. ಇಳಿಯುವಾಗ ಜಾರಿ ಬರುವವರಿಗೆ ಅಕ್ಕೋರ ಬೈಗುಳ ಗ್ಯಾರಂಟಿ. ಅರ್ಧ ಹಗ್ಗ ಜಾರಿದರೂ ಅಂಗೈ, ಒಳತೊಡೆಯ ಚರ್ಮ ಹಗ್ಗಕ್ಕೇ ಉಳಿಯುತ್ತದೆ. ಏರಿದ ದಾರಿಯಲ್ಲೇ ಒಂದೊಂದು ಹಿಡಿ ಇಳಿಯಬೇಕು. ಇಳಿಯಲು ಶಕ್ತಿ ಉಳಿಸಿಕೊಳ್ಳದವರಿಗೆ ಮುಂದಿನ ಪಾಠವಿಲ್ಲ.

ಗಂಟು ಹಾಕದೆ ಸುತ್ತಿನಿಂದಲೇ ನಿಲ್ಲುವುದು ಹಗ್ಗದ ಮಲ್ಲಕಂಬದ ಕಟ್ಟಳೆ. ಮೊದಲು ಕಲಿಸುವುದು ಕೂರುವ ಪಟ್ಟು. ಎದೆಯ ಮುಂದಿನಿಂದ ಇಳಿದ ಹಗ್ಗ ಎರಡು ತೊಡೆಗಳ ನಡುವೆ ಹಿಂದಕ್ಕೆ ಹೋಗಿ, ಬಲತೊಡೆಯನ್ನು ಹೊರಗಿನಿಂದ ಬಳಸಿ, ಮುಂದೆ ಬಂದು ಬಲದಿಂದ ಎಡಕ್ಕೆ ಅಡ್ಡ ಹಾಯಬೇಕು. ಉಳಿದ ಬಾಲವನ್ನು ಎಡಗಾಲಿನ ಬೆರಳು ಹಿಡಿಯುತ್ತದೆ. ಮೇಲಿನ ಹಗ್ಗ ಭಾರ ಹೊರುತ್ತದೆ, ಬಾಲ ಬೀಗ ಹಾಕುತ್ತದೆ. ಬಾಲ ಎಡಕ್ಕೆ ಹಾಯದೆ ಬಲಗಡೆಯೇ ಉಳಿದರೆ ಅರ್ಧ ಸುತ್ತು ಮಾತ್ರ ಆದಂತೆ. ಕೆಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಕೈಬಿಟ್ಟು ಹಿಂದಕ್ಕೆ ವಾಲಿದಾಗ ಮಾತ್ರ ಬಣ್ಣ ಬಯಲು. ಅದಕ್ಕೆ ಅಕ್ಕೋರು ಕೆಳಗೆ ನಿಂತು, ಕೈಬಿಡುವ ಮೊದಲು ಬಾಲವನ್ನು ಒಮ್ಮೆ ಎಳೆದು ನೋಡುತ್ತಿದ್ದರು. ಸರಿಯಿದ್ದರೆ ಸುತ್ತು ತೊಡೆಗೆ ಕಚ್ಚುತ್ತದೆ, ತಪ್ಪಿದ್ದರೆ ಮೊಳಕಾಲಿನ ಕಡೆ ಜಾರುತ್ತದೆ. “ಕಚ್ಚಿತೇನವ್ವಾ?” “ಕಚ್ಚಿತ್ರಿ ಅಕ್ಕೋರೆ.” ಈ ಎರಡು ಮಾತು ಆಗದೆ ಯಾರೂ ಕೈ ಬಿಟ್ಟಿದ್ದಿಲ್ಲ.

ಒಂದು ಸುತ್ತು ಇಷ್ಟು ಹೇಗೆ ತಡೆಯುತ್ತದೆ ಎಂದು ಕೇಳಿದರೆ ವಸ್ತಾದರು ದನ ಕಟ್ಟುವ ಗೂಟ ತೋರಿಸುತ್ತಿದ್ದರು. ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ದೊಡ್ಡವರನ್ನೂ ಎಳೆದೊಯ್ಯುತ್ತದೆ, ಗೂಟಕ್ಕೆ ಎರಡು ಸುತ್ತು ಹಾಕಿದರೆ ತುದಿಯನ್ನು ಸಣ್ಣ ಹುಡುಗ ಹಿಡಿದು ನಿಲ್ಲುತ್ತಾನೆ. ಇಲ್ಲಿ ತೊಡೆ ಗೂಟ, ಬೆರಳು ಆ ಹುಡುಗ. ವಿಜ್ಞಾನದ ತರಗತಿಯಲ್ಲಿ ಘರ್ಷಣೆ ಬಂದಾಗ ಗರಡಿಯ ಮಕ್ಕಳಿಗೆ ಅದು ಹಳೇ ಪಾಠ.

ಈ ಪಟ್ಟು ಗಟ್ಟಿಯಾದರೆ ಪದ್ಮಾಸನ, ಪರ್ವತಾಸನ, ಹಾಸಿಗೆಯ ಮೇಲೆ ಮಗ್ಗುಲಾದಂತೆ ಕಾಣುವ ನಿದ್ರಾಸನ ಎಲ್ಲವೂ ಅದರ ಮಕ್ಕಳು. ದಸರಂಗ, ಫಿರಕಿ, ಸುಯಿದೋರಾ, ಉತರತಿ ಎಂಬ ಪಟ್ಟುಗಳ ಹೆಸರುಗಳೆಲ್ಲ ಮರಾಠಿಯ ದಾರಿಯಲ್ಲಿ ಬಂದವು. ಪೇಶ್ವೆ ಎರಡನೇ ಬಾಜಿರಾವನ ಕಾಲದ ಕುಸ್ತಿಗುರು ಬಾಳಂಭಟ್ಟದಾದಾ ದೇವಧರ ಸಪ್ತಶೃಂಗಿ ದೇವಿಯಲ್ಲಿ ಮೊರೆಯಿಟ್ಟಾಗ ಹನುಮಂತನೇ ಈ ವಿದ್ಯೆ ತೋರಿಸಿದ ಎಂಬುದು ಗರಡಿಗಳಲ್ಲಿ ನಡೆದುಬಂದ ಕಥೆ. ಅದಕ್ಕೂ ಮೊದಲೇ, 1126ರಿಂದ 1138ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗಳ ಜೊತೆ ಕಂಬದ ಶ್ರಮವನ್ನೂ ಸೇರಿಸಿದ್ದಾನೆ. ಕಲ್ಯಾಣ ಅಂದರೆ ನಮ್ಮ ಬಸವಕಲ್ಯಾಣವೇ. ಆದ್ದರಿಂದ ಇದು ಹೊರಗಿನ ವಿದ್ಯೆ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ, ಪುಸ್ತಕದ ಹೆಸರು ಹೇಳಿ ಸುಮ್ಮನಾಗುತ್ತೇನೆ. 2019ರಲ್ಲಿ ಮುಂಬಯಿಯಲ್ಲಿ ಇದರ ಮೊದಲ ವಿಶ್ವಸ್ಪರ್ಧೆ ನಡೆಯಿತು. ಅಲ್ಲಿ ದಶಕಗಳಿಂದ ಕಲಿಸುತ್ತ ಬಂದ ಉದಯ ದೇಶಪಾಂಡೆಯವರಿಗೆ 2024ರಲ್ಲಿ ಪದ್ಮಶ್ರೀ ಬಂತು.

ಮೈಮೇಲೆ ಏನಿರಬಾರದು ಎಂಬುದೂ ಪಾಠವೇ. ಗಾಜಿನ ಬಳೆ, ಗೆಜ್ಜೆ, ಬೆಳ್ಳಿ ಉಡದಾರ, ಗುಂಡಿಯಿರುವ ಚಡ್ಡಿ ಎಲ್ಲ ಹೊರಗೆ. ಹಗ್ಗ ಉಡದಾರದ ಕೆಳಗೆ ಹೊಕ್ಕರೆ ಮೇಲಿದ್ದವರು ಬಿಡಿಸಿಕೊಳ್ಳಲಾರರು. ಕಷ್ಟ ಬರುತ್ತಿದ್ದುದು ಕೊರಳಲ್ಲಿ ಲಿಂಗ ಕಟ್ಟಿದ ಮಕ್ಕಳದು. ಮೈಮೇಲಿನಿಂದ ತೆಗೆಯುವಂತಿಲ್ಲ, ಕೊರಳ ಶಿವದಾರವನ್ನು ಹಗ್ಗದ ಹತ್ತಿರ ಬಿಡುವಂತೆಯೂ ಇಲ್ಲ. ತಲೆಕೆಳಗಾದಾಗ ಲಿಂಗವಿಟ್ಟ ಕರಡಿಗೆ ಮುಖಕ್ಕೆ ಬಡಿಯುತ್ತದೆ, ದಾರ ಕುತ್ತಿಗೆಗೆ ಸಿಕ್ಕುತ್ತದೆ. ಅಕ್ಕೋರು ಮನೆಗಳಿಗೆ ಹೋಗಿ ಹಿರಿಯರನ್ನು ಕೇಳಿ ಬಂದರು. ಲಿಂಗವನ್ನು ತೋಳಿಗೆ ಕಟ್ಟುವ ಪದ್ಧತಿ ಹಿಂದಿನಿಂದಲೂ ಇದೆ ಎಂದು ಅಜ್ಜಂದಿರೇ ದಾರಿ ತೋರಿಸಿದರು. ವಸ್ತ್ರದಲ್ಲಿ ಸುತ್ತಿ ಎಡರಟ್ಟೆಗೆ ಎತ್ತರಕ್ಕೆ ಬಿಗಿಯುವುದು, ಆ ಮಕ್ಕಳಿಗೆ ಎಡಬಗಲಿನಲ್ಲಿ ಹಗ್ಗ ಹಿಡಿಯುವ ಪಟ್ಟುಗಳನ್ನು ಕಲಿಸದೆ ಬಲಬಗಲಿನವನ್ನೇ ಕಲಿಸುವುದು ಎಂದಾಯಿತು.

ತಲೆಕೆಳಗಾಗುವ ಪಟ್ಟುಗಳಲ್ಲಿ ಕಾಯುವವರು ನಿಲ್ಲುವ ಜಾಗ ಮುಖ್ಯ. ಬೀಳುವವರ ಕೈ ಹಿಡಿಯಲು ಹೋದರೆ ಕೈ ಕೀಲು ತಪ್ಪುತ್ತದೆ, ತಲೆ ನೆಲಕ್ಕೆ ಹೋಗುತ್ತದೆ. ತಲೆಯ ಪಕ್ಕದಲ್ಲಿ ನಿಂತು ಒಂದು ಕೈ ಹೆಗಲಿನ ಕೆಳಗೆ, ಇನ್ನೊಂದು ಬೆನ್ನಿಗೆ ಕೊಡಬೇಕು. ಗಾದಿ ಗೇಣು ದಪ್ಪ, ಹತ್ತಿಯದು. ವಾರಕ್ಕೊಮ್ಮೆ ಕೋಲಿನಿಂದ ಬಡಿದು ಸಡಿಲಿಸದಿದ್ದರೆ ನಡುವೆ ಗುಂಡಿ ಬಿದ್ದು, ಬೀಳುವ ಜಾಗದಲ್ಲೇ ತೆಳ್ಳಗಾಗುತ್ತದೆ. ಹಗ್ಗ ಸುತ್ತುತ್ತ ತಲೆ ತಿರುಗಿದರೆ ಕಣ್ಣು ಮುಚ್ಚಬಾರದು, ಪ್ರತಿ ಸುತ್ತಿಗೂ ಗೂಡಿನ ದೀಪವನ್ನು ಹುಡುಕಬೇಕು. ಹಗಲಲ್ಲೂ ದೀಪ ಹಚ್ಚಿಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಈಗ ಬೆಂಗಳೂರಿನಲ್ಲಿ ರೇಷ್ಮೆಯಂಥ ಬಟ್ಟೆ ಇಳಿಬಿಟ್ಟು ಆಡುವ ಕಡೆಗಳಲ್ಲಿ ಮೇಲೊಂದು ತಿರುಗುಕೊಂಡಿ ಹಾಕಿರುತ್ತಾರೆ, ಬಟ್ಟೆಗೆ ಹುರಿ ಬೀಳುವುದಿಲ್ಲ. ಅಗಲ ಬಟ್ಟೆ ಭಾರವನ್ನು ಹಂಚುತ್ತದೆ, ಹಗ್ಗ ಒಂದೇ ಗೆರೆಯಲ್ಲಿ ಕಚ್ಚುತ್ತದೆ. ಬಟ್ಟೆಯಲ್ಲಿ ಕಲಿತವರು ಹಗ್ಗಕ್ಕೆ ಬಂದರೆ ಮೊದಲ ದಿನ ಅಳುವುದು ಖಂಡಿತ.

ಪಂಚಮಿ ಹತ್ತಿರ ಬಂತೆಂದರೆ ಊರ ತುಂಬ ಜೋಕಾಲಿ. ಗರಡಿಯ ಹಗ್ಗ ಎರಡು ದಿನಕ್ಕೆ ಕೊಡಿ ಎಂದು ಕೇಳುವವರು ಪ್ರತಿ ವರ್ಷ ಬರುತ್ತಿದ್ದರು. ಅಕ್ಕೋರು ಕೊಡುತ್ತಿರಲಿಲ್ಲ. ಜೋಕಾಲಿಯ ಹಗ್ಗ ಬೇವಿನ ಕೊಂಬೆಗೆ ಇಡೀ ದಿನ ತಿಕ್ಕುತ್ತದೆ, ಎರಡು ದಿನದ ಆಟದಲ್ಲಿ ಎರಡು ವರ್ಷದ ಸವೆತ. ಹಳೆಯದನ್ನಾದರೂ ಕೊಡಿ ಎಂದರೆ, ಹಳೆಯದು ಎಂಬುದು ಅಲ್ಲಿ ಇರುತ್ತಲೇ ಇರಲಿಲ್ಲ. ಅಮಾವಾಸ್ಯೆಯಂದು ಪುಡಿ ಉದುರಿಸಿದ ಹಗ್ಗವನ್ನು ವಸ್ತಾದರು ಅವತ್ತೇ ಕುಡಗೋಲಿನಿಂದ ಮೊಳಮೊಳಕ್ಕೆ ಕತ್ತರಿಸಿಬಿಡುತ್ತಿದ್ದರು, ಮತ್ತೆ ಯಾರೂ ಯಾವುದಕ್ಕೂ ಕಟ್ಟಿ ತೂಗದಿರಲಿ ಎಂದು. ಆ ತುಂಡುಗಳು ಗೂಡಿನ ಕೆಳಗಿನ ಬುಟ್ಟಿಗೆ ಹೋಗುತ್ತಿದ್ದವು. ಜೂನ್‌ನಲ್ಲಿ ಹೊಸ ಮಕ್ಕಳು ಬಂದು ನೆಲದ ಮೇಲೆ ಕಾಲು ಚಾಚಿ ಕೂತಾಗ, ಬೆರಳ ಸಂದಿಗೆ ಸಿಕ್ಕಿಸಿಕೊಳ್ಳಲು ಕೊಡುತ್ತಿದ್ದುದು ಅವನ್ನೇ.